ರಿಪೋರ್ಟಿನಲ್ಲಿ ಸಿಡಿ4 ಕಂಡರೆ ಗಾಬರಿ ಏಕೆ?

ಪ್ರಶ್ನೆ: ನನಗೆ ರುಮಟಾಯ್ಡ್ ಕೀಲುವಾತ. ಮೆಥೊಟ್ರೆಕ್ಸೇಟ್ ಮಾತ್ರೆಗೆ ಬಗ್ಗಲಿಲ್ಲ ಅಂತ ಬೆಂಗಳೂರಿನಲ್ಲಿ ಹದಿನೈದು ದಿನದ ಅಂತರದಲ್ಲಿ ಎರಡು ಸಲ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿದರು. ಆರು ತಿಂಗಳಾಯಿತು. ಈಗಿನ ರಿಪೋರ್ಟಿನಲ್ಲಿ ಸಿಡಿ3, ಸಿಡಿ4, ಸಿಡಿ8, ಸಿಡಿ19 ಅಂತ ಬರೆದಿದ್ದಾರೆ. ಸಿಡಿ4 ನೋಡಿದ ನಮ್ಮ ಅತ್ತೆ, ಇದು ಎಚ್‌ಐವಿ ಪರೀಕ್ಷೆ ಅಂತ ಮಾತು ಬಿಟ್ಟಿದ್ದಾರೆ. ಸಿಡಿ19 ಸೊನ್ನೆ ಇದೆ. ನನ್ನ ರಕ್ತದಲ್ಲಿ ಶಕ್ತಿಯೇ ಹೋಯಿತಾ?
– ಗೃಹಿಣಿ, ಹೊಳೆನರಸೀಪುರ

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ. ಸಿಡಿ4 ಅನ್ನುವುದು ಕಾಯಿಲೆಯ ಹೆಸರಲ್ಲ. ಅತ್ತೆಯವರ ರಕ್ತದಲ್ಲೂ ನನ್ನ ರಕ್ತದಲ್ಲೂ ಇರುವ ಒಂದು ಜಾತಿಯ ಬಿಳಿ ರಕ್ತಕಣದ ಮೈಮೇಲಿನ ಗುರುತು ಅದು. ಎಚ್‌ಐವಿ ವೈರಾಣು ಆ ಕಣಕ್ಕೇ ನುಗ್ಗುವುದರಿಂದ ಎಆರ್‌ಟಿ ಕೇಂದ್ರಗಳಲ್ಲಿ ಅದನ್ನು ಎಣಿಸುತ್ತಾರೆ. ನಮ್ಮ ಊರುಗಳಿಗೆ ಆ ಹೆಸರು ತಲುಪಿದ್ದು ಆ ದಾರಿಯಿಂದ. ಎಚ್‌ಐವಿ ಇದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಯೇ ಬೇರೆ. ಒಂದು ಅಂಕಿಯ ಹೆಸರಿಗೆ ಒಬ್ಬ ಹೆಣ್ಣುಮಗಳು ಮನೆಯಲ್ಲಿ ನೋಯುವುದು ನನಗೆ ಸಂಕಟದ ವಿಷಯ.

ಎಣಿಕೆ ನಡೆಯುವುದು ಹೀಗೆ. ಬೇರೆ ಬೇರೆ ಗುರುತಿಗೆ ಅಂಟುವ ಹೊಳೆಯುವ ಬಣ್ಣಗಳನ್ನು ರಕ್ತಕ್ಕೆ ಬೆರೆಸುತ್ತಾರೆ. ಫ್ಲೋ ಸೈಟೋಮೀಟರ್ ಯಂತ್ರ ಕಣಗಳನ್ನು ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ. ಬೆನ್ನಿಗೆ ಬಣ್ಣ ಹಚ್ಚಿದ ಕುರಿಗಳು ದೊಡ್ಡಿ ಬಾಗಿಲಿಂದ ಒಂದೊಂದೇ ಹೊರಬರುವಾಗ ಎಣಿಸಿದ ಹಾಗೆ. ಸಿಡಿ3 ಇದ್ದರೆ ಟಿ ಕಣ, ಸಿಡಿ19 ಇದ್ದರೆ ಬಿ ಕಣ.

ಇನ್ನು ನಿಮ್ಮ ಸೊನ್ನೆ. ರಿಟುಕ್ಸಿಮ್ಯಾಬ್ ಕೊಡುವುದೇ ಬಿ ಕಣಗಳನ್ನು ಅಳಿಸಲು. ಆ ಔಷಧ ಹಿಡಿಯುವುದು ಸಿಡಿ20 ಎಂಬ ಗುರುತನ್ನು. ಅದು ಔಷಧದಿಂದಲೇ ಮುಚ್ಚಿಹೋಗಿರಬಹುದಾದ್ದರಿಂದ ಎಣಿಸಲು ಸಿಡಿ19 ಬಳಸುತ್ತಾರೆ. ಆರು ತಿಂಗಳಿಗೆ ಸೊನ್ನೆ ಇರುವುದು ಅಪರೂಪವಲ್ಲ. ಬಿ ಕಣ ಮರಳಿದರೂ ಕೀಲು ಸುಮ್ಮನಿರುವವರಿದ್ದಾರೆ, ಸೊನ್ನೆ ಇದ್ದೂ ಬೆರಳು ಊದುವವರಿದ್ದಾರೆ. ಹಾಗಾಗಿ ಮುಂದಿನ ಡ್ರಿಪ್ ಬರೀ ಈ ಅಂಕಿಯಿಂದ ತೀರ್ಮಾನವಾಗಬಾರದು. ವೈದ್ಯರು ನಿಮ್ಮ ಕೈ ಮುಟ್ಟಿ ನೋಡಬೇಕು. ಹಳೆಯ ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕಣಗಳ ಮೈಮೇಲೆ ಸಿಡಿ20 ಇರುವುದಿಲ್ಲ, ಅವು ಉಳಿದಿರುತ್ತವೆ. ಆದ್ದರಿಂದ ಶಕ್ತಿಯೆಲ್ಲ ಹೋಗಿಲ್ಲ. ಆದರೂ ಡ್ರಿಪ್ ಪದೇ ಪದೇ ಆದರೆ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ಇಳಿಯಬಹುದು, ಅದನ್ನು ನೋಡಿಸಿ. ಫ್ಲೂ, ನ್ಯುಮೋನಿಯಾ ಲಸಿಕೆ ಮುಂದಿನ ಡ್ರಿಪ್‌ಗೆ ಮೊದಲೇ ಆಗಬೇಕೇ ಎಂದೂ ಕೇಳಿ.

ಪ್ರಶ್ನೆ: ಲೂಪಸ್ ಇರುವ ಮಗಳು ದಿನಾ ಬೆಳಿಗ್ಗೆ ಪ್ರೆಡ್ನಿಸೊಲೋನ್ ತಗೋತಾಳೆ. ಈ ಸಲ ಸಿಬಿಸಿಯಲ್ಲಿ ಬಿಳಿ ಕಣ 5,800, ನ್ಯೂಟ್ರೋಫಿಲ್ 82, ಲಿಂಫೋಸೈಟ್ 12. ಯಾರೋ ಇನ್‌ಫೆಕ್ಷನ್ ಅಂದರು. ಆ್ಯಂಟಿಬಯಾಟಿಕ್ ಕೊಡಲಾ?
– ಶುಂಠಿ ಬೆಳೆಗಾರ, ಅರಕಲಗೂಡು

ಉತ್ತರ: ಕೊಡಬೇಡಿ. 82, 12 ಎರಡೂ ನೂರಕ್ಕೆ ಇಷ್ಟು ಎಂಬ ಪಾಲು. ಒಟ್ಟಿನ ಜೊತೆ ಗುಣಿಸಿ: ನ್ಯೂಟ್ರೋಫಿಲ್ ಸುಮಾರು 4,750, ಇದು ಸಹಜ. ಲಿಂಫೋಸೈಟ್ 696, ಇದು ಕಡಿಮೆ. ಅಂದರೆ ಒಂದು ಏರಿದ್ದಲ್ಲ, ಇನ್ನೊಂದು ಇಳಿದದ್ದು. ಲೂಪಸ್ ಕಾಯಿಲೆಯೇ ಲಿಂಫೋಸೈಟ್ ಇಳಿಸುತ್ತದೆ. 2012ರ ಅಂತರರಾಷ್ಟ್ರೀಯ ಲಕ್ಷಣ ಪಟ್ಟಿಯಲ್ಲಿ 1,000ಕ್ಕಿಂತ ಕಡಿಮೆ ಎಂಬುದೂ ಒಂದು ಲಕ್ಷಣ. ಪ್ರೆಡ್ನಿಸೊಲೋನ್ ನುಂಗಿದ ಕೆಲವೇ ಗಂಟೆಯಲ್ಲೂ ಅದು ಇಳಿಯುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ, ಮಾತ್ರೆಗೆ ಮೊದಲು ರಕ್ತ ಕೊಡಿಸಿ, ಆಗ ಹಳೆಯ ಅಂಕಿಗೆ ಹೋಲಿಸಬಹುದು. ಮಾತ್ರೆಯನ್ನು ಮಾತ್ರ ತಟ್ಟನೆ ನಿಲ್ಲಿಸಬೇಡಿ. ಜ್ವರ ಬಂದರೆ ಲೆಕ್ಕ ಹಾಕುತ್ತಾ ಕೂರದೆ ಅಂದೇ ವೈದ್ಯರ ಬಳಿಗೆ ಹೋಗಿ. ಲೂಪಸ್ ಇದೆ ಎಂದು ಹೇಳಿ. ಸಲ್ಫಾ ಜಾತಿಯ ಆ್ಯಂಟಿಬಯಾಟಿಕ್‌ನಿಂದ ಕೆಲವರಲ್ಲಿ ಕಾಯಿಲೆ ಕೆರಳುತ್ತದೆ.

ಪ್ರಶ್ನೆ: 2025ರ ನೊಬೆಲ್ ಬಂದ ‘ನಿಯಂತ್ರಕ ಟಿ ಕಣ’ ಎಣಿಸಿದರೆ ಆಟೋಇಮ್ಯೂನ್ ಕಾಯಿಲೆ ಮೊದಲೇ ತಿಳಿಯುತ್ತದಾ?
– ಬಿಎಸ್ಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸದ್ಯಕ್ಕೆ ಇಲ್ಲ. ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಅವರು ತೋರಿಸಿದ ಆ ಕಣಗಳು ದೇಹ ತನ್ನನ್ನೇ ತಿನ್ನದಂತೆ ತಡೆಯುತ್ತವೆ. ಆದರೆ ಅವನ್ನು ಗುರುತಿಸುವ ರೀತಿ ಒಂದು ಲ್ಯಾಬ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಅಂಕಿಯೂ ಬದಲಾಗುತ್ತದೆ. ಅಲ್ಲದೆ ಜಗಳ ನಡೆಯುವುದು ಕೀಲಿನಲ್ಲಿ, ಮೂತ್ರಪಿಂಡದಲ್ಲಿ. ರಕ್ತ ಅವು ಓಡಾಡುವ ರಸ್ತೆ ಮಾತ್ರ. ಲೂಪಸ್ ಇರುವವರಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಅಗ್ಗದ ಪರೀಕ್ಷೆ ಇಂದು ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ತಂದೆಯ ಸಿಡಿ19 ಪರೀಕ್ಷೆಗೆ ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ? ಇಲ್ಲೇ ರಕ್ತ ತೆಗೆಸಿ ಐಸ್‌ನಲ್ಲಿಟ್ಟು ಕಳಿಸಬಹುದಾ?
– ತೆಂಗಿನ ತೋಟದವರು, ಚನ್ನರಾಯಪಟ್ಟಣ

ಉತ್ತರ: ಕಳಿಸಬಹುದು, ಐಸ್ ಮಾತ್ರ ಬೇಡ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೋಣೆಯ ಉಷ್ಣಾಂಶದಲ್ಲೇ ಇರಬೇಕು, ಬಿಸಿಲಿಗೆ ನಿಂತ ಕಾರಿನಲ್ಲೂ ಇಡಬಾರದು. ಆದಷ್ಟೂ 24 ಗಂಟೆಯೊಳಗೆ ಯಂತ್ರಕ್ಕೆ ಏರಲಿ. ಅದೇ ರಕ್ತದ ಸಿಬಿಸಿಯೂ ಜೊತೆಗಿರಲಿ. ಭಾನುವಾರ ಯಂತ್ರ ಓಡುತ್ತದೆಯೇ ಎಂದು ಫೋನಿನಲ್ಲಿ ಕೇಳದೆ ಶನಿವಾರ ರಕ್ತ ತೆಗೆಸಬೇಡಿ.