ಬೀಜಕ್ಕೆ ಬಿಡುವ ಗಿಡ: ಆಸ್ಟರ್ ಬೆಳೆಯುವ ಮಕ್ಕಳಿಗೆ ಕಿವಿಮಾತು

ತೊರಪಲ್ಲಿ ಅಗ್ರಹಾರ ಅಂದರೆ ಹೊರಗಿನವರಿಗೆ 1878ರಲ್ಲಿ ರಾಜಾಜಿ ಹುಟ್ಟಿದ ಊರು. ನಮಗೆ ಇದು ಹೊಸೂರಿನ ಹೂವಿನ ಸೀಮೆ. ಗುಲಾಬಿ, ಜರ್ಬೆರಾಗಳಿಗೆ ಪಾಲಿಹೌಸ್ ಬೇಕು, ದುಡ್ಡು ಬೇಕು. ಆಸ್ಟರ್‌ಗೆ ಒಂದು ತುಂಡು ನೆಲ, ಒಂದು ಹಿಡಿ ಒಳ್ಳೆಯ ಬೀಜ ಸಾಕು. ಆ ಬೀಜವನ್ನು ನೀವೇ ಮಾಡಿಕೊಳ್ಳಿ.

• ಮೊದಲ ಸಲ ಹೆಸರಿರುವ ತಳಿ ತನ್ನಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಷನ್ ನಮ್ಮ ಹವೆಗೆ ಒಗ್ಗುತ್ತವೆ. ಹೈಬ್ರಿಡ್ ಚೆಂಡುಹೂವಿನ ಬೀಜ ಎತ್ತಿಟ್ಟರೆ ಮರಿಗಿಡ ತಾಯಿಯಂತೆ ಬರುವುದಿಲ್ಲ. ಈ ಆಸ್ಟರ್ ತಳಿಗಳು ಹಾಗೆ ಕೈಕೊಡುವುದಿಲ್ಲ.

• ಒಳ್ಳೆಯ ಹೂವನ್ನೆಲ್ಲ ಮಾರ್ಕೆಟ್ಟಿಗೆ ಕಳಿಸಿ, ಉಳಿದ ಸೊರಗಿದ್ದನ್ನು ಬೀಜಕ್ಕೆ ಬಿಡಬೇಡಿ. ತಳಿ ಕೆಡುವುದೇ ಹೀಗೆ. ಗಟ್ಟಿ ಕಾಂಡದ, ತುಂಬು ಹೂವಿನ ಗಿಡವೇ ಬೀಜಕ್ಕಿರಲಿ.

• ಬಾಡುರೋಗ ಕಂಡ ಸಾಲಿನಿಂದ ಒಂದು ಕಾಳೂ ಬೇಡ. ರೋಗ ಮಣ್ಣಿನಲ್ಲೂ ಉಳಿಯುತ್ತದೆ, ಬೀಜದಲ್ಲೂ ಬರುತ್ತದೆ. ಅದೇ ಮಡಿಗೆ ಮತ್ತೆ ಆಸ್ಟರ್ ಹಾಕದೆ ರಾಗಿ ಹಾಕಿ.

• ಬಣ್ಣಬಣ್ಣದ ತಳಿಗಳನ್ನು ದೂರ ದೂರ ಇಡಿ. ಆಸ್ಟರ್ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಆದರೂ ಜೇನುಹುಳ ಬೆರಕೆ ಮಾಡದೆ ಬಿಡುವುದಿಲ್ಲ.

• ಹೂ ಕಂದುಬಣ್ಣಕ್ಕೆ ತಿರುಗಿ, ನಡುವೆ ಬಿಳಿ ನವಿರು ಕಂಡಾಗ ಕೊಯ್ಯಿರಿ. ಎರಡು ದಿನ ತಡವಾದರೆ ಗಾಳಿ ಒಯ್ಯುತ್ತದೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಮೆಲ್ಲಗೆ ತೂರಿ. ಹಗುರವಾಗಿ ಹಾರುವುದು ಜೊಳ್ಳು.

• ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿಡಿ. ಮೇಲೆ ತಳಿ, ತಿಂಗಳು ಬರೆಯಿರಿ. ಆಸ್ಟರ್ ಬೀಜದ ಜೀವ ಅಲ್ಪ. ವರ್ಷ ದಾಟಿದ್ದನ್ನು ನಂಬಬೇಡಿ.

• ಬಿತ್ತುವ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದಲ್ಲಿ ಅರ್ಧವೂ ಮೊಳೆಯದಿದ್ದರೆ ಆ ಬೀಜ ಬಿಟ್ಟುಬಿಡಿ.

• ಗೇಣೆತ್ತರದ ಏರುಮಡಿ ಮಾಡಿ, ತೆಳುವಾಗಿ ಬಿತ್ತಿ, ಜರಡಿ ಹಿಡಿದ ಗೊಬ್ಬರ ಉದುರಿಸಿ, ಹುಲ್ಲು ಹೊದಿಸಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಿರಿ. ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಏಳುವುದನ್ನು ನೋಡಿದ್ದೀರಿ. ಎಳೆ ಸಸಿಗೆ ಆ ಕೊಳಕು ಹೊಳೆನೀರು ಬೇಡ, ಒಳ್ಳೆಯ ಬೋರ್‌ವೆಲ್ ನೀರನ್ನು ಹೂಗಿಂಡಿಯಲ್ಲಿ ಹಾಕಿ.

• ಸುಮಾರು ತಿಂಗಳಿಗೆ ನಾಲ್ಕೈದು ಎಲೆ ಬಂದಾಗ, ಸಂಜೆ ಹೊತ್ತು, ಒಂದೊಂದು ಅಡಿಗೆ ನೆಡಿ.

• ಹಬ್ಬದಿಂದ ಹಿಂದಕ್ಕೆ ಲೆಕ್ಕ ಹಾಕಿ. ಬಿತ್ತಿದ ಮೂರೂವರೆ, ನಾಲ್ಕು ತಿಂಗಳಿಗೆ ಹೂ. ಆಯುಧಪೂಜೆಗೆ ಬೇಕೆಂದರೆ ಜೂನ್‌ನಲ್ಲೇ ಬೀಜ ಮಣ್ಣಿಗೆ ಬೀಳಬೇಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹದಿನೈದು ದಿನಕ್ಕೊಂದು ಮಡಿ ಹಾಕಿ. ಒಂದು ದಿನ ಬೆಲೆ ಬಿದ್ದರೂ ಇನ್ನೊಂದು ಕೊಯ್ಲು ಕೈಹಿಡಿಯುತ್ತದೆ.

ಈ ಸಲ ಮೊದಲ ಕೊಯ್ಲಿಗೆ ಮುಂಚೆಯೇ ಬೀಜದ ಗಿಡಗಳಿಗೆ ಕೆಂಪು ದಾರ ಕಟ್ಟಿ, ಕೊಯ್ಯಲು ಬರುವವರಿಗೂ ತೋರಿಸಿ. ಬೆಲೆ ಎಷ್ಟೇ ಏರಲಿ, ಆ ಗಿಡಗಳ ಹೂ ಮುಟ್ಟಬೇಡಿ.