ಹೆಬ್ಬೆಟ್ಟಿಗೂ ಬೀಗ ಹಾಕಿ

ಪ್ರಶ್ನೆ: ಅಪ್ಪ ಗೋಕಾಕದಲ್ಲಿ ಹೊಲದ ಖರೀದಿಪತ್ರ ನೋಂದಣಿ ಮಾಡಿಸಿದ್ದಾರೆ. ಆಗ ಕೊಟ್ಟ ಬೆರಳಚ್ಚು ಕದ್ದು ಹಣ ತೆಗೆಯುತ್ತಾರಂತೆ. ಒಟಿಪಿ ಹೇಳದಿದ್ದರೆ ಸಾಲದೇ?
– ಹೆಸರು ಬೇಡ, ಮೂಡಲಗಿ

ಉತ್ತರ: ಸಾಲದು ತಂಗಿ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಒಟಿಪಿ ಕೇಳುವುದೇ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಹೀಗೆಯೇ ಹಣ ಹೋಗಿತ್ತು.

ಇವತ್ತೇ ಎಂಆಧಾರ್ ಆ್ಯಪ್‌ನಲ್ಲಿ ಅಪ್ಪನ ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ರೇಷನ್‌ಗೆ ಹೆಬ್ಬೆಟ್ಟು ಒತ್ತುವಾಗ ತಾತ್ಕಾಲಿಕವಾಗಿ ತೆರೆಯಬಹುದು. ಝೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಪೂರ್ತಿ ಆಧಾರ್ ಕಳಿಸಬೇಡಿ. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಮೋಸ ಬೆರಳಚ್ಚಿನಿಂದಷ್ಟೇ ಅಲ್ಲ. ‘ಇಂದು ರಾತ್ರಿ ಕರೆಂಟ್ ಕಟ್’ ಎಂಬ ಮೆಸೇಜಿನ ಲಿಂಕ್ ಕೂಡ ಒತ್ತಬೇಡಿ. ನಿಮ್ಮಲ್ಲಾದರೆ ಹೆಸ್ಕಾಂ, ಹುಕ್ಕೇರಿಯ ಹಳ್ಳಿಗಳಲ್ಲಾದರೆ ವಿದ್ಯುತ್ ಸಹಕಾರಿ ಸಂಘದ ಕಚೇರಿಗೆ ಹೋಗಿ ವಿಚಾರಿಸಿ.

ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ಕೊಡಿ. ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದಾಗ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬೀಳದು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ.

ಅದೇ ವರ್ಷ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ‘ಆಧಾರ್ ನಂಬರ್ ಯಾಕೆ ಬೇಕು?’ ಎಂದು ಕೇಳಲು ಸಂಕೋಚ ಬೇಡ. ಅಪ್ಪನಿಗೂ ಕೇಳುವುದನ್ನು ಕಲಿಸಿ.