ಸೂರಕ್ಕಿ ಕರೆಯಲು ಒಂಬತ್ತು ಸೂತ್ರ

ರಾಜಾನುಕುಂಟೆಗೆ ಮನೆ ಬದಲಿಸಿದ ಹೊಸತರಲ್ಲಿ ಆನ್‌ಲೈನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಾಟಲಿ ತರಿಸಿದೆ. ಡಬ್ಬದ ಮೇಲೆ ‘ಹಮ್ಮಿಂಗ್‌ಬರ್ಡ್ ಫೀಡರ್’ ಎಂದಿತ್ತು. ಸಕ್ಕರೆ ನೀರು ತುಂಬಿ ಪೋರ್ಟಿಕೋದಲ್ಲಿ ನೇತುಹಾಕಿದೆ. ಸಂಜೆಯೊಳಗೆ ಊರಿನ ಕಟ್ಟಿರುವೆಗಳೆಲ್ಲ ಬಂದು ಹಾಜರಿ ಹಾಕಿದವು, ಹಕ್ಕಿ ಮಾತ್ರ ಇಲ್ಲ. ಅಲ್ಲಿಂದೀಚೆಗೆ ಕಲಿತದ್ದು ಇಷ್ಟು.

1. ಯಾರನ್ನು ಕರೆಯುತ್ತಿದ್ದೀರಿ, ಮೊದಲು ತಿಳಿಯಿರಿ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಹಿತ್ತಲಲ್ಲಿ ಮಿಂಚುವುದು ಸೂರಕ್ಕಿ. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಕಸುಬು ಮಾತ್ರ ಒಂದೇ. ದೊಡ್ಡಬಳ್ಳಾಪುರ ರಸ್ತೆಯ ಈ ಬದಿಯಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ: ಹೊಟ್ಟೆ ಹಳದಿ, ಬಾಲದ ಬುಡ ನೇರಳೆಯಾದ ಪರ್ಪಲ್ ರಂಪ್ಡ್, ಮತ್ತು ಬಿಸಿಲು ಬಿದ್ದಾಗ ಮಸಿಯಿಂದ ನೀಲಿಗೆ ತಿರುಗುವ ಪರ್ಪಲ್ ಸನ್‌ಬರ್ಡ್. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಎರಡನೆಯದರ ಗಂಡು ಅಂಗಿ ಬದಲಿಸುತ್ತದೆ: ಹೊಟ್ಟೆ ಹಳದಿ, ಎದೆ ಮೇಲೆ ಒಂದೇ ಒಂದು ಕಪ್ಪು ಗೀಟು. ಬೇರೆ ಹಕ್ಕಿ ಬಂತೆಂದು ನಾನು ಎರಡು ತಿಂಗಳು ಬೀಗಿದ್ದೆ.

2. ಹೂವಿನ ಜೊತೆ ಕೂರಲು ಜಾಗವನ್ನೂ ಕೊಡಿ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಸೂರಕ್ಕಿಗೂ ಒಂದೆರಡು ಕ್ಷಣ ಹಾಗೆ ನಿಲ್ಲಲು ಬರುತ್ತದೆ, ಆದರೆ ಕೂತು ಕುಡಿಯುವುದೇ ಅದಕ್ಕೆ ಇಷ್ಟ. ಐದೆಸಳಿನ ಹಳೇ ಕೆಂಪು ದಾಸವಾಳ ನೆಡಿ. ಬೆಳಿಗ್ಗೆ ಏಳರ ಹೊತ್ತಿಗೆ ಕಾದು ನೋಡಿ: ಹಕ್ಕಿ ಹೂವಿನ ಎದುರಿಗೆ ಬರುವುದೇ ಇಲ್ಲ. ತೊಟ್ಟಿನ ಮೇಲೆ ಕೂತು, ಕೊಕ್ಕನ್ನು ಹೂವಿನ ಬುಡಕ್ಕೆ ಚುಚ್ಚಿ, ಹಿತ್ತಿಲ ಬಾಗಿಲಿಂದ ಮಕರಂದ ಎಳೆದು ಹೋಗುತ್ತದೆ. ಪರಾಗ ಮುಟ್ಟುವುದಿಲ್ಲ. ಕಳ್ಳತನವೇ, ಆದರೆ ಎಷ್ಟು ಅಚ್ಚುಕಟ್ಟು!

3. ನರ್ಸರಿಯಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಬೋಗನ್‌ವಿಲ್ಲಾದ ಬಣ್ಣ ಹೂವಿನದ್ದಲ್ಲ, ಎಲೆಯದ್ದು. ಬದಲಿಗೆ ಹಮೇಲಿಯಾ, ಕೇಪಳ, ರತ್ನಗಂಧಿ ತನ್ನಿ. 30×40 ಸೈಟಿನ ಮೂಲೆಯಲ್ಲಿ ಜಾಗವಿದ್ದರೆ ಬಾಳೆ, ನುಗ್ಗೆ. ಬಾಳೆ ಮೋತೆ ಬಾಗಿತೆಂದರೆ ಸೂರಕ್ಕಿಗೆ ಹೋಟೆಲು ತೆರೆದ ಹಾಗೆ. ಕಾಯಿ ಕೂಡಿದ್ದೇ ಮೋತೆ ಮುರಿದು ಪಲ್ಯ ಮಾಡುವ ಆತುರವನ್ನು ಸ್ವಲ್ಪ ದಿನ ತಡೆದುಕೊಳ್ಳಿ.

4. ಜೇಡರ ಬಲೆ ಹೊಡೆಯುವ ಉದ್ದ ಪೊರಕೆಯನ್ನು ಮನೆಯೊಳಗೇ ಇಡಿ. ಒಂಬತ್ತರಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ಸೂರಕ್ಕಿಯ ಗೂಡೆಂದರೆ ನೇತಾಡುವ ಒಂದು ಚೀಲ. ಒಣ ಎಲೆ, ತೊಗಟೆ ಚೂರು, ಹುಳುವಿನ ಹಿಕ್ಕೆ ಎಲ್ಲವನ್ನೂ ಹಿಡಿದು ಕಟ್ಟುವ ದಾರ ಜೇಡನ ಎಳೆಯೇ. ಹೆಣ್ಣು ಸಜ್ಜದ ಮೂಲೆಯಿಂದ ಎಳೆಯನ್ನು ಕೊಕ್ಕಿಗೆ ಸುತ್ತಿಕೊಂಡು ಬಂದು ಬಟ್ಟೆ ಒಣಹಾಕುವ ತಂತಿಗೆ ಅಂಟಿಸುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಮಳೆ ತಡೆಯಲು ಪುಟ್ಟ ಸೂರು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಅದು ಬೇಕೆಂದೇ ಹಾಗಿರುವುದು.

5. ಗುಲಾಬಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ. ಮರಿಗೆ ಸಿಹಿ ನೀರು ಸಾಲದು, ಮಾಂಸ ಬೇಕು: ಸಣ್ಣ ಹುಳು, ಜೇಡ. ಹುಳ ಸತ್ತ ಹಿತ್ತಲಲ್ಲಿ ಹಕ್ಕಿ ಕುಡಿದು ಹೋಗಬಹುದು, ಸಂಸಾರ ಹೂಡುವುದಿಲ್ಲ.

6. ನೀರನ್ನು ಬಟ್ಟಲಿಗಿಂತ ಎಲೆಯ ಮೇಲೆ ಕೊಡಿ. ಅಗಲವಾದ ಎಲೆ ಮೇಲಿನ ಇಬ್ಬನಿಯಲ್ಲಿ ಹೊರಳಾಡಿ ಸ್ನಾನ ಮಾಡುವ ಹಕ್ಕಿ ಇದು. ಮಾರ್ಚ್ ಬಿಸಿಲಲ್ಲಿ ಬೆಳಿಗ್ಗೆ ಬಾಳೆ ಎಲೆಗೆ ಪೈಪಿನಲ್ಲಿ ನೀರು ಚಿಮುಕಿಸಿ, ಹಿಂದೆ ಸರಿದು ನಿಂತುಕೊಳ್ಳಿ.

7. ಮಾವಿನ ಕೊಂಬೆಯ ಬದನಿಕೆಯನ್ನು ಪೂರ್ತಿ ಸವರಬೇಡಿ. ಮರಕ್ಕೆ ಅದು ಸಾಲಗಾರನ ಕಾಟವೇ, ನಿಜ. ಆದರೆ ಅದರ ಹೂವಿಗೆ ಸೂರಕ್ಕಿ ಮುಗಿಬೀಳುತ್ತದೆ, ಹಣ್ಣಿಗೆ ಬದನಿಕೆ ಹಕ್ಕಿ ಬರುತ್ತದೆ. ಒಂದು ಕೊಂಬೆ ಬಿಟ್ಟರೆ ಮಾವು ಮುಳುಗುವುದಿಲ್ಲ.

8. ಗೂಡು ಕಂಡಿತೇ? ಮೊಬೈಲು ಜೇಬಿನಲ್ಲಿರಲಿ. ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಸುಮಾರು ಎರಡು ವಾರ, ಮರಿ ಹಾರಲು ಮತ್ತೆ ಅಷ್ಟೇ, ಕೊಂಚ ಹೆಚ್ಚು. ಬಟ್ಟೆಗೆ ಬೇರೆ ತಂತಿ ಕಟ್ಟಿಕೊಳ್ಳಿ. ಗೂಡನ್ನು ‘ಸುರಕ್ಷಿತ’ ಜಾಗಕ್ಕೆ ಸಾಗಿಸುವ ಉಪಕಾರ ಬೇಡ. ಕಾರಿನ ಕನ್ನಡಿಗೆ ಗಂಡು ಕುಕ್ಕುತ್ತಿದ್ದರೆ ಅದು ಎದುರಾಳಿಯನ್ನು ಕಂಡಿದೆ ಎಂದರ್ಥ. ಹಳೇ ಕಾಲುಚೀಲ ತೊಡಿಸಿದರೆ ಜಗಳ ಮುಗಿಯಿತು.

9. ಇಷ್ಟಾದರೂ ಬಾಟಲಿ ಬೇಕೇ ಬೇಕೆಂದರೆ: ಒಂದು ಪಾಲು ಬಿಳಿ ಸಕ್ಕರೆ, ನಾಲ್ಕು ಪಾಲು ನೀರು. ಬೆಲ್ಲ, ಜೇನು, ಕೆಂಪು ಬಣ್ಣ ಯಾವುದೂ ಬೇಡ. ಕೂರಲು ಕಡ್ಡಿ ಕಟ್ಟಿ. ನೇತುಹಾಕುವ ದಾರದ ನಡುವೆ ನೀರು ತುಂಬಿದ ಸಣ್ಣ ಮುಚ್ಚಳ ಸಿಕ್ಕಿಸಿದರೆ ಇರುವೆ ದಾಟುವುದಿಲ್ಲ. ಬೇಸಿಗೆಯಲ್ಲಿ ಸಕ್ಕರೆ ನೀರು ಬೇಗ ಹುಳಿ ಬರುತ್ತದೆ, ದಿನ ಬಿಟ್ಟು ದಿನ ತೊಳೆಯಲೇಬೇಕು. ಊರಿಗೆ ಹೋಗುವಾಗ ಇಳಿಸಿಟ್ಟು ಹೋಗಿ. ನನ್ನದು ಈಗ ಅಟ್ಟದ ಮೇಲಿದೆ. ಅದು ನೇತಾಡುತ್ತಿದ್ದ ಮೊಳೆಗೆ ಕಳೆದ ವಾರದಿಂದ ಯಾರೋ ಜೇಡನ ಎಳೆ ಸುತ್ತತೊಡಗಿದ್ದಾರೆ.